ಬಾಯ್ಲರ್ ದುಡ್ಡು

ಫೆಬ್ರುವರಿ 6

ಗೆದ್ದೆ! ಒಂಬತ್ತು ತಿಂಗಳ ಬಾಕಿಯನ್ನು ಒಂದು ಬಿಡಿಗಾಸೂ ಬಿಡದೆ ವಸೂಲು ಮಾಡಿಕೊಂಡು ಬಂದೆ.

ನಿನ್ನೆ ಬೆಳಿಗ್ಗೆ ಊಟದ ಡಬ್ಬಿ, ನೀರಿನ ಬಾಟಲಿ, ಹೆಣಿಗೆಯ ಚೀಲ ಹಿಡಿದು ಲಾಂಡ್ರಿಗೆ ಹೋದವಳು ಯಜಮಾನನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತೆ. "ಕೊಟ್ರೆ ಏಳ್ತೀನಿ, ಇಲ್ಲಾಂದ್ರೆ ಇಲ್ಲೇ" ಎಂದೆ. ಆ ಮನುಷ್ಯನಿಗೆ ನಾನೂ ನಾದಿನಿಯೂ ಇಟ್ಟ ಹೆಸರು ಇಸ್ತ್ರಿ. ಆಕಾಶ ಕಳಚಿ ಬಿದ್ದರೂ ಅವನ ಅಂಗಿಯಲ್ಲಿ ಒಂದು ಸುಕ್ಕು ಕಾಣದು. ನಾಲ್ಕು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ ಅದು; ನಮ್ಮ ಶೆಡ್ಡಿನಲ್ಲಿ ಕಲಸುವ ಒಗೆಯುವ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಅಲ್ಲಿಗೇ. ಪುಡಿ ಇಸ್ಕೊಳ್ಳುವಾಗ ನಗುಮುಖ, ದುಡ್ಡು ಕೇಳಿದರೆ ಬರೀ "ಮುಂದಿನ ವಾರ".

ಸಂಜೆ ಎದ್ದು ಮನೆಗೆ ಬಂದೆ, ಇಂದು ಬಾಗಿಲು ತೆಗೆಯುವ ಹೊತ್ತಿಗೇ ಮತ್ತೆ ಹೋಗಿ ಕೂತೆ. ಬಂದುಹೋಗುವ ಕೆಲಸದ ಹೆಂಗಸರೆಲ್ಲ ಇಣುಕಿ ನೋಡಿದರು. ನೋಡಲಿ. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿಯ ಮುಖ ಹಿಂಡಿದ ಬಟ್ಟೆಯಂತಾಗಿತ್ತು. "ಅಕ್ಕಾ, ಇರೋದು ಬಾಯ್ಲರ್ ಕೊಳವೆಗೆ ಅಂತ ಎತ್ತಿಟ್ಟ ದುಡ್ಡೊಂದೇ. ಮೇಸ್ತ್ರಿ ಅರ್ಧ ಕೆಲಸ ಮಾಡಿ ಕಾಯ್ತಾ ಇದಾರೆ" ಎಂದ. ಸಾಲ ಮಾಡಿದವರಿಗೆ ಇಂಥ ನೂರು ಕಥೆ ಬರುತ್ತವೆ. "ನಿಮ್ಮ ಬಾಯ್ಲರ್ ನಿಮ್ಮದು, ನನ್ನ ದುಡ್ಡು ನನ್ನದು" ಎಂದು ಇನ್ನೆರಡು ಸಾಲು ಹೆಣೆದೆ. ಚೆಕ್ ಬರೆದ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರೆ. ಈ ಸಲ ಕೋಡಂಗಿ ನಾನಲ್ಲ. ನಾದಿನಿ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿ, "ಅತ್ತಿಗೆ, ಪುಡಿ ಬಿಟ್ಟು ನಿಮ್ಮನ್ನೇ ಬಾಡಿಗೆಗೆ ಕೊಡೋಣ, ಲಾಭ ಜಾಸ್ತಿ" ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಮ್ಮವರು ತೀರಿಹೋದ ಮೇಲೆ ಈ ಶೆಡ್ಡನ್ನು ನಾವಿಬ್ಬರೇ ಎಳೆದುಕೊಂಡು ಬಂದಿದ್ದೇವೆ, ಯಾರ ಹಂಗೂ ಇಲ್ಲದೆ.

ಫೆಬ್ರುವರಿ 27

ಲಾಂಡ್ರಿಯ ಬಾಯ್ಲರ್ ನಿಂತುಹೋಯಿತಂತೆ. ಬಿಸಿನೀರಿಲ್ಲ, ಹಬೆಯಿಲ್ಲ. ಎರಡು ಆಸ್ಪತ್ರೆಯವರು ಬಟ್ಟೆ ವಾಪಸ್ ತೆಗೆದುಕೊಂಡು ಹೋದರಂತೆ. ಪುಡಿಯ ಆರ್ಡರ್ ಇಲ್ಲ.

ಸದ್ಯ, ನನ್ನ ದುಡ್ಡು ಮೊದಲೇ ಬಂತು.

ಮಾರ್ಚ್ 11

ಇಸ್ತ್ರಿ ಕೋರ್ಟಿಗೆ ಹೋಗಿ ಕೈಯೆತ್ತಿದ. ಲಾಂಡ್ರಿ ದಿವಾಳಿ. ಇನ್ನು ಮೇಲೆ ಯಾರೂ ಬಾಗಿಲಿಗೆ ಹೋಗಿ ಬಾಕಿ ಕೇಳುವಂತಿಲ್ಲ, ಯಂತ್ರ ಎತ್ತಿಕೊಂಡು ಹೋಗುವಂತಿಲ್ಲ. ಕೋರ್ಟು ಆಡಳಿತಗಾರರೊಬ್ಬರನ್ನು ನೇಮಿಸಿದೆ. ಬಾಕಿ ಇರುವವರೆಲ್ಲ ಅವರ ಹತ್ತಿರ ಸಾಲಾಗಿ ನಿಲ್ಲಬೇಕು, ಸಿಕ್ಕಿದ್ದನ್ನು ಎಲ್ಲರಿಗೂ ಅವರವರ ಬಾಕಿಯ ಲೆಕ್ಕದಲ್ಲಿ ಹಂಚುತ್ತಾರೆ.

ಹರಿದ ಹಾಸು ಹೊಲಿಯಲು ಲಾಂಡ್ರಿಗೆ ದಾರ ಕೊಡುವ ದಾರದವನು ಸಿಕ್ಕಿದ್ದ. ಅವನ ದುಡ್ಡೂ ಸಿಕ್ಕಿಕೊಂಡಿದೆ, ಅಳುವುದೊಂದು ಬಾಕಿ. ಪಾಪ ಅನ್ನಿಸಿತು. ಆದರೆ ಎರಡು ದಿನ ಕುರ್ಚಿಯಲ್ಲಿ ಕೂರಬೇಡ ಅಂತ ಅವನನ್ನು ಯಾರಾದರೂ ತಡೆದಿದ್ದರೇ?

ಮಾರ್ಚ್ 19

ಸಿಟ್ಟಿಗೆ ಪೆನ್ನಿನ ಮೊನೆ ಹಾಳೆ ಹರಿಯುತ್ತಿದೆ.

ಆಡಳಿತಗಾರರ ಕಡೆಯಿಂದ ಕಾಗದ. ನಾನು ಫೆಬ್ರುವರಿಯಲ್ಲಿ ಪಡೆದ ಹಣವನ್ನು ಪೂರ್ತಿಯಾಗಿ ವಾಪಸ್ ಕೊಡಬೇಕಂತೆ! ನನ್ನ ಪುಡಿ, ನನ್ನ ಬೆವರು, ನನ್ನ ದುಡ್ಡು. ಕದ್ದದ್ದಲ್ಲ, ಬೇಡಿದ್ದಲ್ಲ. ಕೈಗೆ ಬಂದ ತುತ್ತನ್ನಲ್ಲ, ನುಂಗಿದ ತುತ್ತನ್ನೇ ಕಕ್ಕು ಅನ್ನುತ್ತಾರಲ್ಲ, ಇದ್ಯಾವ ನ್ಯಾಯ?

ಕೊಡುವುದಿಲ್ಲ. ಬರೆದಿಟ್ಟಿದ್ದೇನೆ.

ಮಾರ್ಚ್ 20

ಜಗಳವಾಡಲು ಬೆಳಿಗ್ಗೆಯೇ ಹೋದೆ. ಆಡಳಿತಗಾರರು ಅಂದರೆ ಮೀಸೆ ಹೊತ್ತ ಯಾರೋ ದೊಡ್ಡ ಮನುಷ್ಯ ಎಂದುಕೊಂಡಿದ್ದೆ. ನೋಡಿದರೆ ಕೂದಲ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಹೆಂಗಸು, ಇಸ್ತ್ರಿಯ ಅದೇ ಮೇಜಿನ ಹಿಂದೆ. ಮನಸ್ಸಿನಲ್ಲೇ ಪೆನ್ಸಿಲ್ ಮೇಡಂ ಎಂದು ಹೆಸರಿಟ್ಟೆ. ನಾನು ಕೂಗಾಡಿ ಮುಗಿಸುವವರೆಗೂ ಅವರು ಸುಮ್ಮನೆ ಕೇಳಿದರು. ಅದೇ ಅರ್ಧ ಸಿಟ್ಟು ಇಳಿಸಿಬಿಟ್ಟಿತು.

"ನಿಮ್ಮ ಬಾಕಿ ಸುಳ್ಳು ಅಂತ ಯಾರೂ ಹೇಳ್ತಿಲ್ಲ" ಎಂದರು. "ಆದ್ರೆ ಮುಳುಗೋ ಹೊತ್ತಿಗೆ ಒಬ್ಬರಿಗೆ ಪೂರ್ತಿ ಕೊಟ್ಟು ಉಳಿದೋರಿಗೆ ಸೊನ್ನೆ ಕೊಟ್ಟರೆ ಕಾನೂನು ಒಪ್ಪಲ್ಲ. ದಿವಾಳಿಗೆ ಮುಂಚಿನ ಆರು ತಿಂಗಳಲ್ಲಿ ಹಾಗೆ ಕೊಟ್ಟಿದ್ದೆಲ್ಲ ವಾಪಸ್ ಬಂದು ಒಂದೇ ರಾಶಿಗೆ ಸೇರ್ಬೇಕು. ಆಮೇಲೆ ನೀವೂ ಎಲ್ಲರ ಹಾಗೆ ಸಾಲಲ್ಲಿ ನಿಲ್ಲಿ."

"ನಾನು ಎಲ್ಲರಿಗಿಂತ ಮೊದಲು ಕೇಳ್ದೆ. ಅದು ತಪ್ಪಾ?"

"ಕೇಳಿದ್ದು ತಪ್ಪಲ್ಲ ಅಮ್ಮ. ಎರಡು ದಿನ ಇಲ್ಲಿ ಕೂತಿದ್ರಂತೆ. ಲಾಂಡ್ರಿ ಮುಳುಗ್ತಿದೆ ಅಂತ ಗೊತ್ತಿಲ್ಲದೆ ಇಸ್ಕೊಂಡೆ ಅನ್ನೋಕೆ ಬರಲ್ಲ. ಇಡೀ ಲಾಂಡ್ರಿನೇ ಸಾಕ್ಷಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದಲ್ಲ. "ಕೋರ್ಟಲ್ಲೇ ನೋಡ್ಕೊಳ್ಳೋಣ" ಎಂದು ಎದ್ದೆ. ಬಾಗಿಲ ಹತ್ತಿರ ಹೋದಾಗ ಅವರು ಹಿಂದಿನಿಂದ ಹೇಳಿದರು: ವಾಪಸ್ ಕೊಡುವವರೆಗೆ, ಬಾಕಿ ಬರಬೇಕಾದವರೆಲ್ಲ ಸೇರಿ ಲಾಂಡ್ರಿಯ ಗತಿ ತೀರ್ಮಾನಿಸುವ ಸಾಲಿಗರ ಸಭೆಯಲ್ಲಿ ನನಗೆ ಮತವಿಲ್ಲವಂತೆ. ಯಾರಿಗೆ ಬೇಕು ಇವರ ಮತ!

ಮಾರ್ಚ್ 22

ವಕೀಲರು ಹೇಳಿದ್ದು: ಗೆಲ್ಲುವುದು ಕಷ್ಟ, ಎಳೆಯುವುದು ಸುಲಭ. ಎರಡು ವರ್ಷ ಎಳೆಯಬಹುದು. ಆಗಲಿ, ಎಳೆಯಿರಿ ಎಂದೆ.

ಮಾರ್ಚ್ 26

ಉಳಿದ ಎರಡು ಆಸ್ಪತ್ರೆಗಳಿಗಾಗಿ ಲಾಂಡ್ರಿ ಇನ್ನೂ ನಡೆಯುತ್ತಿದೆ ಎಂದು ತಿಳಿದು ನೋಡಲು ಹೋದೆ. ಎದುರಾಳಿ ಏನು ಮಾಡುತ್ತಿದ್ದಾನೆ ಎಂದು ತಿಳಿದಿರಬೇಕಲ್ಲ.

ಅಯ್ಯೋ, ಆ ಬಟ್ಟೆಗಳನ್ನು ನೋಡಬೇಕಿತ್ತು! ತಣ್ಣೀರಿನಲ್ಲಿ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿವೆ. ರಕ್ತದ ಕಲೆ ಹಾಗೇ ಇದೆ. ಬಿಸಿನೀರಿಗೆಂದು ಕಲಸಿದ ನನ್ನ ಪುಡಿಯನ್ನು ತಣ್ಣೀರಿಗೆ ಎರಡು ಪಟ್ಟು ಸುರಿದಿದ್ದಾರೆ; ಕರಗದೆ ಅಂಚುಗಳಲ್ಲಿ ಗಟ್ಟಿಯಾಗಿ ಕೂತಿದೆ. ಇಸ್ತ್ರಿ ತೋಳು ಮಡಚಿಕೊಂಡು ತಾನೇ ತೊಟ್ಟಿಯ ಹತ್ತಿರ ನಿಂತಿದ್ದ. ಅಂಗಿ ಪೂರ್ತಿ ಒದ್ದೆ, ಸುಕ್ಕೋ ಸುಕ್ಕು.

"ಯಾರ್ರೀ ನಿಮಗೆ ಹೀಗೆ ಹಾಕೋಕೆ ಹೇಳಿದ್ದು? ಪುಡಿಗೂ ಮಾನ ಮರ್ಯಾದೆ ಇದೆ" ಎಂದು ಬೈದೆ.

"ಹೇಳೋರು ಯಾರಿದಾರೆ ಅಕ್ಕಾ? ನೀವು ಬರ್ತಿರ್ಲಿಲ್ಲ" ಎಂದ.

ನನ್ನ ಪುಡಿ ಕೆಟ್ಟದು ಎಂದು ಆಸ್ಪತ್ರೆಯವರು ತಿಳಿದುಕೊಂಡರೆ ನನ್ನ ಹೆಸರು ಹಾಳು. ಅದಕ್ಕಾಗಿ ಮಾತ್ರ ಒಂದು ಗಂಟೆ ನಿಂತು ತೋರಿಸಿಕೊಟ್ಟು ಬಂದೆ.

ಏಪ್ರಿಲ್ 2

ತಣ್ಣೀರಿಗೆ ಹೊಂದುವ ಮಿಶ್ರಣ ಕೊನೆಗೂ ಕೂಡಿಬಂತು. ನಾಲ್ಕು ಸಲ ಕೆಟ್ಟಿತು. ಮೊದಲನೆಯದು ನೊರೆ ಉಕ್ಕಿ ನಾದಿನಿಯ ಚಪ್ಪಲಿ ತೇಲಿಹೋಯಿತು. "ನನ್ನನ್ನೂ ಒಗೆದು ಒಣಗಿಸಿಬಿಡಿ ಅತ್ತಿಗೆ" ಎಂದಳು. ರಾತ್ರಿಯೆಲ್ಲ ನೆನೆಸಿಟ್ಟು ಬೆಳಿಗ್ಗೆ ಒಗೆದರೆ ಕಲೆ ಬಿಡುತ್ತದೆ. ಸಾಕಷ್ಟು ಬೆಳ್ಳಗೆ ಬರುತ್ತದೆ, ಹಾಲಿನಷ್ಟಲ್ಲ.

ಲಾಂಡ್ರಿಗೆ ಒಯ್ದ ಈ ಹೊಸ ಪುಡಿಗೆ ಪೆನ್ಸಿಲ್ ಮೇಡಂ ಕೈಯಲ್ಲೇ ನಗದು ಕೊಟ್ಟರು. ದಿವಾಳಿಯಾದ ಮೇಲೆ ಲಾಂಡ್ರಿ ನಡೆಸಲು ಕೊಂಡದ್ದಕ್ಕೆ ಮೊದಲು ಹಣ, ಹಳೇ ಬಾಕಿ ಆಮೇಲೆ, ಅದೇ ನಿಯಮವಂತೆ. ಈ ನಿಯಮ ಮಾತ್ರ ಚೆನ್ನಾಗಿದೆ.

ಏಪ್ರಿಲ್ 5

ಇವತ್ತೂ ಲಾಂಡ್ರಿ. ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸರಲ್ಲಿ ಹಿರಿಯಳು, ಎಲ್ಲರೂ ದೊಡ್ಡಮ್ಮ ಅನ್ನುವವಳು, ಹಬೆ ಇಲ್ಲದೆ ಕರೆಂಟಿನ ಸಣ್ಣ ಇಸ್ತ್ರಿಪೆಟ್ಟಿಗೆಯಲ್ಲಿ ಹಾಸು ಒತ್ತುತ್ತಿದ್ದಳು. ಮಾಮೂಲಿನ ಕಾಲು ಭಾಗವೂ ಸಾಗುವುದಿಲ್ಲ. "ಬಾಯ್ಲರ್ ಒಂದು ಸರಿ ಆಗಿದ್ರೆ ಯಾವ ಕೋರ್ಟೂ ಬೇಕಿರ್ಲಿಲ್ಲ ಕಣಮ್ಮ" ಎಂದಳು, ನನ್ನ ಮುಖ ನೋಡದೆ.

ನನಗೇಕೆ ಹೇಳಬೇಕು? ಚೆಕ್ ಬರೆದದ್ದು ಅವನು. ಬಾಯ್ಲರ್ ಅವನದು. ಬೇಡ ಅನ್ನಲು ಅವನಿಗೆ ಬಾಯಿರಲಿಲ್ಲವೇ?

ತಲೆನೋವು.

ಏಪ್ರಿಲ್ 9

ಸಾಲಿಗರ ಸಭೆಗೆ ಮುಂಚಿನ ಚರ್ಚೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮತವಿಲ್ಲದವರು ಬಾಯಿ ತೆರೆಯುವಂತಿಲ್ಲ. ನನಗೆ! ಬಾಯಿ ತೆರೆಯುವಂತಿಲ್ಲ!

ಎದುರಿಗಿರುವುದು ಎರಡೇ ದಾರಿ. ಒಂದು, ಯಂತ್ರಗಳನ್ನು ಈಗಲೇ ಮಾರುವುದು. ದೂರದ ದೊಡ್ಡ ಲಾಂಡ್ರಿಯೊಂದು ಕೊಳ್ಳಲು ಸಿದ್ಧವಿದೆ. ಅಡವಿಟ್ಟುಕೊಂಡ ಬ್ಯಾಂಕಿಗೆ ಬಹುಪಾಲು, ನಮ್ಮಂಥ ಚಿಲ್ಲರೆಯವರಿಗೆ ಹತ್ತರಲ್ಲಿ ಒಂದು ಪಾಲು, ಆದರೆ ಕೂಡಲೇ. ಕೆಲಸದವರೆಲ್ಲ ಮನೆಗೆ. ಇನ್ನೊಂದು, ಬಾಯ್ಲರ್ ಸರಿಮಾಡಿ ಲಾಂಡ್ರಿ ನಡೆಸುವುದು. ಇಸ್ತ್ರಿಯ ಒಡೆತನ ಹೋಗುತ್ತದೆ, ಸಂಬಳಕ್ಕೆ ದುಡಿಯುತ್ತಾನೆ. ಮೂರು ವರ್ಷದಲ್ಲಿ ಹತ್ತರಲ್ಲಿ ಆರು ಪಾಲು ಎಲ್ಲರಿಗೂ. ಬಾಯ್ಲರ್ ಸರಿಯಾದರೆ ಹೋದ ಆಸ್ಪತ್ರೆಗಳು ಮರಳುತ್ತೇವೆ ಅಂದಿವೆ. ಆದರೆ ರಿಪೇರಿಗೆ ರಾಶಿಯಲ್ಲಿ ಹಣವಿಲ್ಲ. ಯಾರ ಹತ್ತಿರ ಇದೆ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಹಿಂದಿನ ಬೆಂಚಿನ ಕಡೆ ಒಂದೊಂದು ಸಲ ತಿರುಗಿ ನೋಡಿದರು.

ಬಾಕಿಯ ಮೊತ್ತಕ್ಕೆ ತಕ್ಕಂತೆ ಮತದ ತೂಕ. ಬ್ಯಾಂಕು ಒಂದೇ ಅರ್ಧದ ಹತ್ತಿರ ಇದೆ. ಹೊರಗೆ ಬಂದಾಗ ಬ್ಯಾಂಕಿನ ಸಾಹೇಬ ನನಗೆ ಚಹಾ ಕೊಡಿಸಿದ. "ನೀವು ಸುಮ್ನಿದ್ರೆ ಸಾಕು ಮೇಡಂ. ಲಾಂಡ್ರಿನೇ ಮುಗಿದ್ ಮೇಲೆ ನಿಮ್ಮ ಮೇಲಿನ ಕೇಸು ಯಾರು ನಡೆಸ್ತಾರೆ? ಏನೋ ಒಂಚೂರು ಕೊಟ್ಟು ರಾಜಿ ಮಾಡ್ಕೊಂಡ್ರಾಯ್ತು" ಎಂದ. ಲೆಕ್ಕ ಸರಿಯಾಗಿಯೇ ಇದೆ. ಚಹಾ ಮಾತ್ರ ಅರ್ಧ ಚೆಲ್ಲಿ ಬಂದೆ.

ಏಪ್ರಿಲ್ 12

ನಾದಿನಿಯೊಂದಿಗೆ ಜಗಳ. ಇಷ್ಟು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ.

ಹಣ ವಾಪಸ್ ಕೊಟ್ಟರೆ ನನಗೆ ಮತ ಬರುತ್ತದೆ, ಬಾಯ್ಲರಿಗೆ ಕೊಳವೆ ಬರುತ್ತದೆ ಎಂದು ಶುರುಮಾಡಿದೆ ಅಷ್ಟೇ. ಆಗಲೇ ಅರ್ಧ ಹಣ ಪುಡಿಗೆ ಕಲಸುವ ವಾಷಿಂಗ್ ಸೋಡಾ ಕೊಳ್ಳಲು ಹೋಗಿದೆ. ಪೂರ್ತಿ ಮಾಡಬೇಕಾದರೆ ಪುಡಿ ಸಾಗಿಸುವ ನಮ್ಮ ವ್ಯಾನ್ ಮಾರಬೇಕು. ವ್ಯಾನ್ ಇಬ್ಬರ ಹೆಸರಿನಲ್ಲಿದೆ.

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದಳು. "ಶೆಡ್ಡಲ್ಲಿ ಆರು ಜನ ಹೆಂಗಸರಿದಾರೆ. ಅವರ ಸಂಬಳ ಏನು, ಆಸ್ಪತ್ರೆ ಹಾಸು ಹರಿದು ಕೊಡ್ತೀರಾ?"

"ಉಪಕಾರ ಅಲ್ಲ ಕಣೇ, ಲೆಕ್ಕ! ಲಾಂಡ್ರಿ ಮುಚ್ಚಿದ್ರೆ ಆ ದೂರದೋರು ನಮ್ಮ ಪುಡಿ ಕೊಳ್ತಾರಾ? ಆಗ ಆರು ಜನಕ್ಕೆ ಏನು ಹೇಳ್ತೀಯ?"

"ಲೆಕ್ಕ ಆಗಿದ್ರೆ ಪೆನ್ನು ಹಿಡಿದು ಕೂತು ಮಾಡಿ. ಊಟ ಬಿಟ್ಟು ಯಾರೂ ಲೆಕ್ಕ ಮಾಡಲ್ಲ."

ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ನಿಜ. ಸೆಕೆಗೆ. ಅವಳು ಬಾಗಿಲು ಹಾಕಿಕೊಂಡು ಮಲಗಿದಳು. ನಾನು ಅಡುಗೆಮನೆಯಲ್ಲಿ ಕೂತು ಲೆಕ್ಕ ಮಾಡಿದೆ. ಒಂದು ಸಲ ನನ್ನ ಪರವಾಗಿ ಬಂತು, ಒಂದು ಸಲ ಅವಳ ಪರವಾಗಿ. ಲೆಕ್ಕ ಏನೇ ಬರಲಿ, ಆ ಬಾಯ್ಲರ್ ಬಿಸಿಯಾಗಲೇಬೇಕು.

ಏಪ್ರಿಲ್ 13

ಬೆಳಿಗ್ಗೆ ಎದ್ದರೆ ವ್ಯಾನಿನ ಕಾಗದ ಮೇಜಿನ ಮೇಲಿತ್ತು, ಅವಳ ಸಹಿ ಸಮೇತ. ತಟ್ಟೆಗೆ ಬಡಿಸಿ, ಎದುರಿಗೆ ಕೂತು, ನಾನು ಪೂರ್ತಿ ತಿನ್ನುವವರೆಗೂ ಏಳಲಿಲ್ಲ.

ಏಪ್ರಿಲ್ 15

ಕೊಟ್ಟೆ. ಪೆನ್ಸಿಲ್ ಮೇಡಂ ರಸೀತಿ ಬರೆದು, "ಎರಡು ವರ್ಷ ಎಳೀತೀರಿ ಅಂದ್ಕೊಂಡಿದ್ದೆ" ಎಂದರು. "ನನಗೆ ಬೇರೆ ಕೆಲಸ ಇದೆ" ಎಂದೆ.

ಮಾರಿದರೂ ನಡೆಸಿದರೂ ಸರಿಯಿರುವ ಬಾಯ್ಲರಿಗೇ ಬೆಲೆ ಎಂದು, ಸಭೆಗೆ ಮೊದಲೇ ಬಾಯ್ಲರ್ ಮೇಸ್ತ್ರಿಗೆ ಹೊಸ ಕೆಲಸದ ಹಣ ಮುಂಗಡವಾಗಿ ಕೊಟ್ಟು ಕರೆಸಿದ್ದಾರೆ. ಹಳೇ ಬಾಕಿ ಮಾತ್ರ ಅವನಿಗೂ ಸಾಲಿನಲ್ಲೇ. ಮನೆಗೆ ಬಸ್ಸಿನಲ್ಲಿ ಬಂದೆ. ಬಸ್ಸು ಅಷ್ಟೇನೂ ಕೆಟ್ಟದಲ್ಲ.

ಏಪ್ರಿಲ್ 18

ಇವತ್ತು ಒಂದು ದಡ್ಡ ಕೆಲಸ ಮಾಡಿದೆ.

ಮತಗಳನ್ನು ಕೂಡಿ ನೋಡಿದರೆ ಎಲ್ಲ ಮೇಸ್ತ್ರಿಯ ಮೇಲೆ ಬಂದು ನಿಂತಿತು. ದಾರದವನು, ಲಾಂಡ್ರಿಗೆ ಸೋಪು ಕೊಡುವ ಸೋಪಿನವನು, ಕೆಲಸದವರು, ನಾನು, ಎಲ್ಲ ಸೇರಿದರೆ ಬ್ಯಾಂಕಿಗಿಂತ ಕೂದಲೆಳೆಯಷ್ಟು ಮೇಲೆ. ಮೇಸ್ತ್ರಿ ಬ್ಯಾಂಕಿನ ಕಡೆ ಹೋದರೆ ನಾವು ಕೆಳಗೆ. ಅವನು ಮಾರಾಟದ ಕಡೆ ಎಂದು ಎಲ್ಲರಿಗೂ ಹೇಳಿದ್ದಾನೆ.

ಗಲ್ಲಾಪೆಟ್ಟಿಗೆಯಲ್ಲಿದ್ದ ಹಣ ಪೂರ್ತಿ ಒಂದು ಲಕೋಟೆಗೆ ಹಾಕಿ ಅವನ ಗ್ಯಾರೇಜಿಗೆ ಹೋದೆ. ಕೊಳವೆಯೊಂದರ ಬಾಯಿ ಉಜ್ಜುತ್ತಿದ್ದ. ಅರವತ್ತು ದಾಟಿದ ಮನುಷ್ಯ, ಹುಬ್ಬಿನ ಕೂದಲು ಅರ್ಧ ಸುಟ್ಟುಹೋಗಿದೆ.

"ನಿಮ್ಮ ಹಳೇ ಬಾಕೀಲಿ ಒಂದು ಭಾಗ. ನನ್ನ ಕೈಯಿಂದ. ಯಾರಿಗೂ ಹೇಳೋದು ಬೇಡ" ಎಂದು ಲಕೋಟೆ ಇಟ್ಟೆ.

ಅವನು ಮುಟ್ಟಲಿಲ್ಲ. "ದಾರದೋನಿಗೂ ಒಂದು ಲಕೋಟೆ ಕೊಟ್ರಾ?"

"ಇಲ್ಲ."

"ದೊಡ್ಡಮ್ಮಂಗೆ?"

"ಇಲ್ಲ."

"ಮತ್ತೆ ಅದೇ ಕೆಲಸ ಮಾಡ್ತಿದೀರಲ್ಲಮ್ಮ! ಆವತ್ತು ಎಲ್ಲರನ್ನೂ ಬಿಟ್ಟು ನೀವೊಬ್ರೇ ಇಸ್ಕೊಂಡ್ರಿ. ಇವತ್ತು ಎಲ್ಲರನ್ನೂ ಬಿಟ್ಟು ನನಗೊಬ್ಬನಿಗೇ ಕೊಡ್ತೀರಿ." ಎದ್ದು ನಿಂತ. "ನೀವು ಮೂರು ವರ್ಷ ಕಾಯ್ತೀರಿ. ನನ್ನ ಬಾಗಿಲಿಗೂ ಕೊಳವೆ ಅಂಗಡಿಯೋನು ದಿನಾ ಬರ್ತಾನೆ. ನನಗೆ ಸಿಗೋದು ಈಗ್ಲೇ ಸಿಗಲಿ. ತಗೊಂಡ್ ಹೋಗಿ."

ನನ್ನ ಜೀವಮಾನದಲ್ಲಿ ದುಡ್ಡು ಕೊಡಲು ಹೋಗಿ ಬೈಸಿಕೊಂಡು ಬಂದದ್ದು ಇದೇ ಮೊದಲು. ಮುಖ ಎಲ್ಲಿಡಬೇಕೆಂದು ತಿಳಿಯದೆ ಬಸ್ಸಿನ ಕಿಟಕಿಗೆ ಇಟ್ಟುಕೊಂಡು ಬಂದೆ. ನಾಚಿಕೆಯಾಯಿತು. ನಾದಿನಿಗೆ ಹೇಳಿದರೆ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ, ಲಕೋಟೆಯನ್ನು ಗಲ್ಲಾಪೆಟ್ಟಿಗೆಗೆ ಸುರಿದು, "ಸದ್ಯ, ಅವರಿಗಾದ್ರೂ ಬುದ್ಧಿ ಇತ್ತು" ಎಂದಳು.

ಏಪ್ರಿಲ್ 21

ಸೋತರೂ ಸರಿ, ಸಭೆಯಲ್ಲಿ ಗಟ್ಟಿಯಾಗಿ ಹೇಳಿಯೇ ಸೋಲುವುದು. ಹೊಸ ಕೊಳವೆಗಳನ್ನೆಲ್ಲ ಕೂರಿಸಿದ್ದಾಗಿದೆ. ನಮ್ಮ ಬಾಯ್ಲರಿನ ಒತ್ತಡದ ಪರೀಕ್ಷೆ ಸಭೆಯ ದಿನವೇ ಅಂತೆ.

ಏಪ್ರಿಲ್ 24

ಸಭೆ ಲಾಂಡ್ರಿಯ ಇಸ್ತ್ರಿ ಹಾಲ್‌ನಲ್ಲೇ ನಡೆಯಿತು. ಮೇಜುಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕಿದ್ದರು. ಪೆನ್ಸಿಲ್ ಮೇಡಂ ಮೊದಲೇ ಸ್ಪಷ್ಟವಾಗಿ ಹೇಳಿದರು: ಹೆಸರು ಕರೆದಾಗ ಇಲ್ಲಿದ್ದು ಮತ ಹೇಳಿದವರ ಬಾಕಿ ಮಾತ್ರ ಲೆಕ್ಕ. ಅದರಲ್ಲಿ ಅರ್ಧ ದಾಟಿದ ಕಡೆಗೆ ಗೆಲುವು.

ಬ್ಯಾಂಕಿನ ಸಾಹೇಬ ಎದ್ದು, "ಮಾರಾಟ" ಎಂದ. ದಾರದವನು, "ನಡೀಲಿ" ಎಂದ, ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿಸಿದರು. ಸಂಬಳದ ಬಾಕಿ ಇದ್ದ ಕೆಲಸದವರೆಲ್ಲರ ಪರವಾಗಿ ದೊಡ್ಡಮ್ಮ ಎದ್ದಳು. ಸೋಪಿನವನು ಎದ್ದ. ಇಬ್ಬರೂ "ನಡೀಲಿ" ಎಂದರು. ನನ್ನ ಹೆಸರು ಬಂದಾಗ ನಾನು ಮನೆಯಲ್ಲಿ ಬಾಯಿಪಾಠ ಮಾಡಿದ್ದ ಭಾಷಣವೆಲ್ಲ ಹಾರಿಹೋಯಿತು. "ನಡೆಸಿ" ಎಂದೆ. ಬ್ಯಾಂಕಿನ ಸಾಹೇಬ ನನ್ನ ಕಡೆ ನೋಡಿ ತಲೆಯಲ್ಲಾಡಿಸಿದ. ಇಸ್ತ್ರಿ ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದ. ಗೆದ್ದರೂ ಸೋತರೂ ಲಾಂಡ್ರಿ ಅವನದಲ್ಲ, ಆದರೂ ಬೆವರುತ್ತಿದ್ದ.

ಕೊನೆಯದು ಮೇಸ್ತ್ರಿಯ ಹೆಸರು. ಮುಂದಿನ ಸಾಲಿನಲ್ಲೇ ಕೂತಿದ್ದ. ಅವನು ಎದ್ದ. ಬ್ಯಾಂಕಿನ ಸಾಹೇಬನನ್ನು ನೋಡಿದ, ಗೋಡೆಗೆ ಒರಗಿದ್ದ ಹೆಂಗಸರನ್ನು ನೋಡಿದ. ನನ್ನನ್ನು ನೋಡಲಿಲ್ಲ.

"ಕೆಳಗೆ ಒತ್ತಡ ಏರ್ತಾ ಇದೆ. ನೋಡ್ಬೇಕು" ಎಂದ.

"ಮತ ಹೇಳಿ ಹೋಗಿ ಮೇಸ್ತ್ರಿ, ಒಂದು ನಿಮಿಷ" ಎಂದ ಸಾಹೇಬ.

"ನಿಮ್ಮ ನಿಮಿಷಕ್ಕೆ ಬಾಯ್ಲರ್ ಕಾಯಲ್ಲ ಸ್ವಾಮಿ" ಎಂದವನೇ ಬೆಂಚು ದಾಟಿ ಬಾಗಿಲಿನಿಂದ ಹೊರಗೆ ಹೋದ.

ಪೆನ್ಸಿಲ್ ಮೇಡಂ ಎರಡು ಸಲ ಅವನ ಹೆಸರು ಕರೆದರು. ಆಮೇಲೆ ಕೂದಲಿನಿಂದ ಪೆನ್ಸಿಲ್ ತೆಗೆದು ಆ ಸಾಲನ್ನು ಹೊಡೆದುಹಾಕಿ, ಉಳಿದದ್ದನ್ನು ಕೂಡಿದರು. ಕೂದಲೆಳೆಯಷ್ಟು ನಾವೇ ಮೇಲೆ. ಲಾಂಡ್ರಿ ನಡೆಯುತ್ತದೆ.

ಕೂಗು, ಅಳು, ಚಪ್ಪಾಳೆ. ದೊಡ್ಡಮ್ಮ ಇಸ್ತ್ರಿಯ ಬೆನ್ನಿಗೊಂದು ಗುದ್ದು ಕೊಟ್ಟಳು. ನಾನು ಯಾರಿಗೂ ಸಿಗದೆ ಮೆಟ್ಟಿಲಿಳಿದು ಬಾಯ್ಲರ್ ಕೋಣೆಗೆ ಹೋದೆ. ಮೇಸ್ತ್ರಿ ಕೊಳವೆಯ ಕೀಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಬಂದಿದೀರಲ್ಲ, ಆ ದೊಡ್ಡ ಸ್ಪ್ಯಾನರ್ ಕೊಡಿ" ಎಂದ, ತಿರುಗದೆ. ಕೊಟ್ಟೆ. "ಇದಲ್ಲ, ದೊಡ್ಡದು ಅಂದೆ." ಬೇರೆ ಕೊಟ್ಟೆ. "ಟಾರ್ಚ್ ಹಿಡೀರಿ. ನನ್ನ ಮುಖಕ್ಕಲ್ಲ, ಕೀಲಿಗೆ." ಹಿಡಿದೆ. ಒಂದು ಕೀಲು ಹನಿಯುತ್ತಿತ್ತು, ಬಿಗಿ ಮಾಡಿದ. ಇನ್ನೊಂದು ಹನಿಯಿತು, ಅದನ್ನೂ ಮಾಡಿದ. ಕೈ ಸೋತಾಗ ಟಾರ್ಚ್ ಇನ್ನೊಂದು ಕೈಗೆ ಬದಲಿಸಿದೆ. ಹಳೇ ಬಾಕಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಧ್ಯದಲ್ಲಿ ಒಂದು ಸಲ, "ಕೊಳವೆ ಅಂಗಡಿಯೋನಿಗೆ ಏನಾದ್ರೂ ಹೇಳ್ಬೇಕು" ಎಂದ, ನನಗೋ ಬಾಯ್ಲರಿಗೋ. "ನಾನೂ ಬರ್ತೀನಿ, ಇಬ್ರೂ ಹೋಗಿ ಹೇಳೋಣ" ಎಂದೆ. ಬೇಡ ಅನ್ನಲಿಲ್ಲ.

ಸಂಜೆಯ ಹೊತ್ತಿಗೆ ಹಬೆ ಮೇಲೆ ಹೋಯಿತು. ಹಾಲ್‌ನಲ್ಲಿ ಮೇಜುಗಳನ್ನು ವಾಪಸ್ ಎಳೆಯುವ ಸದ್ದು, ಆಮೇಲೆ ದೊಡ್ಡ ಇಸ್ತ್ರಿಗಳು ಉಸ್ ಎನ್ನುವ ಸದ್ದು. ನಾಳೆಯಿಂದ ಬಿಸಿನೀರಿನ ಪುಡಿ ಬೇಕು, ಬೆಳಿಗ್ಗೆ ಆರಕ್ಕೇ ಕಲಸಲು ಶುರುಮಾಡಬೇಕು ಎಂದುಕೊಂಡು ಬಸ್ ಹತ್ತಿದೆ.

ಮನೆಗೆ ಬಂದು ಕಾಲು ತೊಳೆಯುವಾಗ ನಾದಿನಿ ಕೇಳಿದಳು: "ನಮ್ಮ ದುಡ್ಡಿನ ಮೊದಲ ಕಂತು ಯಾವಾಗಂತೆ?"

ಅಯ್ಯೋ, ಕೇಳುವುದೇ ಮರೆತುಬಿಟ್ಟಿದ್ದೆ.